ಹತ್ತೊಂಬತ್ತನೇ ಮನೆಯಲ್ಲಿ ಮಾವ ಇಲ್ಲ

ಮೊನ್ನೆ ಹಳೆಯ ಪಂಚಾಂಗಗಳನ್ನು ರದ್ದಿಗೆ ಹಾಕೋಣವೆಂದು ಅಟ್ಟದಿಂದ ಇಳಿಸಿದೆ. ಒಂದನ್ನು ಝಾಡಿಸಿದಾಗ ಒಳಗಿನಿಂದ ಇಸ್ಪೀಟಿನಂಥ ಒಂದು ದಪ್ಪ ಎಲೆ ನೆಲಕ್ಕೆ ಬಿತ್ತು. ಅದರ ಮೇಲೆ ಒಬ್ಬ ಮನುಷ್ಯ ಒಂದು ಕಾಲಿಗೆ ಹಗ್ಗ ಕಟ್ಟಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಮುಖ ಮಾತ್ರ ಹೊಟ್ಟೆ ತುಂಬ ಉಂಡವನ ಹಾಗೆ ನಿಶ್ಚಿಂತ. ಕೆಲಸದ ಯಾದಮ್ಮ ಅದನ್ನು ಎತ್ತಿ, "ಅಯ್ಯೋ ಪಾಪಂ, ಈಯನ ಎವರಮ್ಮಾ?" ಎಂದಳು, ಇವನು ಯಾರು ಎಂದು. ನನ್ನ ಮದುವೆ ಮಾಡಿಸಿದವರಲ್ಲಿ ಈತನೂ ಒಬ್ಬ ಎಂದು ತೆಲುಗಿನಲ್ಲಿ ಹೇಳಿದೆ. ಯಾದಮ್ಮ ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಅದಕ್ಕೇ ಇವನನ್ನು ಹೀಗೆ ನೇತುಹಾಕಿದರೇ ಎಂದು ಕೇಳಿದಳು.

ಅವಳಿಗೆ ಹೇಳದೆ ಬಿಟ್ಟ ಕಥೆಯನ್ನು ನಿಮಗೆ ಹೇಳುತ್ತೇನೆ.

ನನ್ನ ಜನ್ಮನಕ್ಷತ್ರ ಮೂಲಾ. ಇಷ್ಟು ಕೇಳಿದ್ದಕ್ಕೇ ಕೆಲವರು "ಅಯ್ಯ ಶಿವನೇ" ಎಂದಿರುತ್ತೀರಿ. ತಿಳಿಯದವರಿಗಾಗಿ ಬಿಡಿಸಿ ಹೇಳುತ್ತೇನೆ: ಮೂಲಾ ನಕ್ಷತ್ರದ ಹೆಣ್ಣು ಸೊಸೆಯಾಗಿ ಬಂದರೆ ಮಾವನ ಆಯುಷ್ಯಕ್ಕೆ ಕುತ್ತು ಎಂಬುದು ನಮ್ಮವರಲ್ಲಿ ತಲತಲಾಂತರದಿಂದ ಬಂದ ಮಾತು. ಹಾಗಾಗಿ ನನ್ನಂಥವಳಿಗೆ ಗಂಡು ಹುಡುಕುವ ಪದ್ಧತಿಯೇ ಬೇರೆ. ಬೇರೆ ತಾಯಂದಿರು ಹುಡುಗನ ನೌಕರಿ ವಿಚಾರಿಸಿದರೆ ನಮ್ಮವ್ವ ಹುಡುಗನ ತಂದೆಯನ್ನು ವಿಚಾರಿಸುತ್ತಿದ್ದಳು. ಯಾರದಾದರೂ ಮದುವೆಯಲ್ಲಿ ವರನ ಸುದ್ದಿ ಬಂದರೆ ಸಾಕು, "ಹುಡುಗನ ತಂದಿಯವರು ಅದಾರೇನ್ರಿ?" ಎಂದು ಮೆಲ್ಲಗೆ ಕೇಳುವಳು. "ಅದಾರಲ್ಲ, ಗಟ್ಟಿಮುಟ್ಟ ಅದಾರ" ಎಂಬ ಉತ್ತರ ಬಂದರೆ ಅವಳ ಮುಖ ಇಳಿದುಹೋಗುತ್ತಿತ್ತು. ಒಮ್ಮೆ ಒಬ್ಬಾಕೆ "ಅದಾರ, ಆದರ ಶುಗರ್ ಐತಿ, ಬಿಪಿನೂ ಐತಿ" ಎಂದಾಗ "ಭಾಳ ಐತೇನ್ರಿ?" ಎಂದು ಅವ್ವ ಆಸೆಯಿಂದ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇರುವೆ ಸಾಲು ಕಂಡರೆ ಪಕ್ಕಕ್ಕೆ ಸರಿದು ನಡೆಯುವ ಹೆಂಗಸು ನಮ್ಮವ್ವ. ಮಗಳ ಮದುವೆಯ ಚಿಂತೆ ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು.

ನನಗಾಗ ಇಪ್ಪತ್ತಾರು. ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೈದರಾಬಾದಿನ ಹೊರಗಿನ ಪಟಾನ್‌ಚೆರುವಿಗೆ ಹೋಗಿ, ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಮಾತ್ರೆಗಳು ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗುತ್ತವೆ ಎಂದು ನೋಡಿ ಬರೆದು, ಸಂಜೆ ಆ ಔಷಧಿಯ ವಾಸನೆ ಹೊತ್ತುಕೊಂಡು ಮನೆಗೆ ಬರುವುದು ನನ್ನ ಕೆಲಸ. ಹೆಣ್ಣು ನೋಡಲು ಬಂದಿದ್ದ ಒಬ್ಬ ಹಿರಿಯರು, ಹುಡುಗನ ತಂದೆ, ಉಪ್ಪಿಟ್ಟಿನ ಮೊದಲ ತುತ್ತು ಬಾಯಿಗಿಟ್ಟು ನಕ್ಷತ್ರ ಕೇಳಿದರು. ಅಪ್ಪ ಹೇಳಿದರು. ಅವರು ತುತ್ತನ್ನು ನುಂಗಲೂ ಆಗದೆ, ಉಗುಳಲೂ ಆಗದೆ ನನ್ನ ಕಡೆ ನೋಡಿದರು. ಉಪ್ಪಿಟ್ಟು ಮಾಡಿದವಳು ನಾನೇ, ಔಷಧಿ ಕಾರ್ಖಾನೆಯವಳು ಬೇರೆ. ಆಮೇಲೆ ಆ ಮನೆಯಿಂದ ಕಾಗದವೂ ಬರಲಿಲ್ಲ.

ಇದಕ್ಕೆ ಸುಲಭವಾದ ಪರಿಹಾರ ಇತ್ತು ನೋಡಿ. ನಾನು ಹುಟ್ಟಿದ್ದು ಮೂಲಾ ಹತ್ತಿ ಬರೀ ಹತ್ತು ನಿಮಿಷಕ್ಕೆ. ಜಾತಕ ಬರೆದ ಜೋಯಿಸರೇ ಅಪ್ಪನಿಗೆ ಹೇಳಿದ್ದರು: "ಹತ್ತು ನಿಮಿಷ ಹಿಂದ ಸರಸೋಣ್ರಿ. ಜ್ಯೇಷ್ಠಾ ಆಕ್ಕೈತಿ. ಅದು ಗಂಡನ ಅಣ್ಣಗ ಕೆಟ್ಟದ್ದು. ಅಣ್ಣ ಇಲ್ಲದ ಗಂಡು ರಗಡ ಸಿಗ್ತಾವ." ನಮ್ಮ ನೆಂಟರಲ್ಲಿ ಹೀಗೆ ಸರಿಸಿಕೊಂಡವರು ಸಾಕಷ್ಟು ಮಂದಿ ಇದ್ದರು. ಅಪ್ಪ ಮಾತ್ರ ಒಪ್ಪಲಿಲ್ಲ.

ಅಪ್ಪನ ಸ್ವಭಾವ ನಿಮಗೆ ಹೇಳಬೇಕು. ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಅವರು. ಕೂದಲೆಳೆಯಷ್ಟು ಅಳತೆ ತಪ್ಪಿದರೆ ತಯಾರಾದ ಭಾಗ ಗುಜರಿಗೆ ಹೋಗುತ್ತದೆ. ಆ ಶಿಸ್ತನ್ನು ಮನೆಗೂ ತಂದಿದ್ದರು. ಅವ್ವ ಕತ್ತರಿಸಿದ ಶಂಕರಪೋಳಿಗಳನ್ನು ಅವರು ತಿನ್ನುವ ಮುನ್ನ ಒಂದರ ಪಕ್ಕ ಒಂದಿಟ್ಟು ನೋಡುತ್ತಿದ್ದರು. ಉಪ್ಪಿಟ್ಟಿನ ಹಿರಿಯರು ಹೋದ ದಿನ ನನಗೆ ಸಿಟ್ಟು ನೆತ್ತಿಗೇರಿತ್ತು. "ಹತ್ತು ನಿಮಿಷದ ಸುಳ್ಳು ಬರಸಾಕ ನಿಮಗೇನು ಧಾಡಿ ಅಪ್ಪಾ? ಊರೆಲ್ಲಾ ಬರಸ್ತಾರ" ಎಂದುಬಿಟ್ಟೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ದವಾಖಾನಿ ಬಾಗಲದಾಗ ನಾ ನಿಂತಿದ್ದೆವ್ವಾ. ನೀ ಅತ್ತದ್ದು ಕೇಳೀನಿ, ಗಡಿಯಾರ ನೋಡೀನಿ. ನೋಡಿಲ್ಲ ಅಂತ ಹೆಂಗ ಬರಕೊಡ್ಲಿ?" ಎಂದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಅದರ ಮರುವಾರವೇ ಇರಬೇಕು, ಅಪ್ಪ ಅಬಿಡ್ಸ್‌ಗೆ ಹೋದರು. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿ, ಅವುಗಳ ಮುಂದಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕಗಳು ಹರಡಿಕೊಳ್ಳುತ್ತವೆ. ಅಪ್ಪ ಹುಡುಕಿಕೊಂಡು ಹೋದದ್ದು ಗೇರ್ ಚಕ್ರಗಳ ಮೇಲಿನ ಪುಸ್ತಕ. ತಂದದ್ದು ಹೀಬ್ರೂ ಅಕ್ಷರಗಳ ರಹಸ್ಯದ ಮೇಲಿನ ಪುಸ್ತಕ. ಅದರಲ್ಲಿ ಹತ್ತು ವೃತ್ತಗಳಿಗೆ ಇಪ್ಪತ್ತೆರಡು ಗೆರೆ ಎಳೆದ ಒಂದು ಚಿತ್ರವಿತ್ತು, ಅದನ್ನು ಯಂತ್ರವೆಂದು ತಿಳಿದುಕೊಂಡರಂತೆ. ಮಾರುವವನು ಬೇರೆ, "ಲೇಲೋ ಸಾಬ್, ಕಿತಾಬ್ ಕೇ ಸಾತ್ ಪತ್ತೇ ಫ್ರೀ. ಛೋಟೇ ಪತ್ತೇ ಚೂಹೇ ಖಾಗಯೇ, ಬಡೇ ಬಡೇ ಸಬ್ ಹೈಂ" ಎಂದು ರಬ್ಬರ್ ಹಾಕಿದ ಎಲೆಗಳ ಒಂದು ಕಟ್ಟನ್ನು ಪುಕ್ಕಟೆ ಕೈಗಿಟ್ಟನಂತೆ. ಇಲಿ ಉಳಿಸಿದ, ಭವಿಷ್ಯ ಹೇಳುವ ಇಪ್ಪತ್ತೆರಡು ದೊಡ್ಡ ಟ್ಯಾರೋ ಎಲೆಗಳು, ಆ ತಲೆಕೆಳಗಾದವನೂ ಸೇರಿ, ಹೀಗೆ ನಮ್ಮ ಮನೆ ಸೇರಿದವು.

ಆ ಪುಸ್ತಕದೊಳಗೇನಿದೆ ಎಂದು ಅಪ್ಪ ಊಟದ ಹೊತ್ತಿಗೆ ನಮಗೆ ಓದಿ ಹೇಳುತ್ತಿದ್ದರು. ಯಹೂದಿಗಳಲ್ಲಿ ಕಬಾಲಾ ಎಂಬ ಗುಟ್ಟಿನ ವಿದ್ಯೆ ಒಂದಿದೆ. ದೇವರು ಲೋಕವನ್ನು ಸೃಷ್ಟಿಸಿದ್ದು ಮಣ್ಣಿನಿಂದಲ್ಲ, ನೀರಿನಿಂದಲ್ಲ, ಇಪ್ಪತ್ತೆರಡು ಅಕ್ಷರಗಳಿಂದ. ಒಂದೊಂದು ಅಕ್ಷರವೂ ಒಂದು ವಸ್ತು. ಅಲೆಫ್ ಎಂದರೆ ಎತ್ತು, ಬೆತ್ ಎಂದರೆ ಮನೆ, ಗಿಮೆಲ್ ಎಂದರೆ ಒಂಟೆ, ದಾಲೆತ್ ಎಂದರೆ ಬಾಗಿಲು. ಬಹಳ ಕಾಲದ ಮೇಲೆ ಯುರೋಪಿನ ಯಾರೋ ಪುಣ್ಯಾತ್ಮರು ಇಪ್ಪತ್ತೆರಡು ಅಕ್ಷರಗಳಿಗೂ ಇಪ್ಪತ್ತೆರಡು ಟ್ಯಾರೋ ಎಲೆಗಳಿಗೂ ಗಂಟು ಹಾಕಿದರು. ಅವ್ವ ಎಲ್ಲವನ್ನೂ ಗಮನವಿಟ್ಟು ಕೇಳಿ, "ಒಂಟಿ ಒಳಗ ಬರೂವಷ್ಟು ದೊಡ್ಡ ಬಾಗಲ ಮಾಡ್ಯಾರೇನು?" ಎಂದು ವಿಚಾರಿಸಿದಳು. ಹತ್ತು ವೃತ್ತಗಳ ಜೀವವೃಕ್ಷದ ಚಿತ್ರ ನೋಡಿ, "ಹತ್ತು ಟಾಕಿ, ಇಪ್ಪತ್ತೆರಡು ಪೈಪು. ನಮ್ಮ ಕಾಲನಿ ಕಥಿನ ಐತಿ. ನಳ ಯಾವಾಗ ಬರ್ತೈತಿ ಅಂತ ಬರದಾರೇನು ನೋಡ್ರಿ" ಎಂದಳು.

ಆದರೆ ಅಪ್ಪನ ತಲೆಯಲ್ಲಿ ಬೇರೊಂದು ನಡೆದಿತ್ತು. ಒಂದೇ ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಮೂರು ನಕ್ಷೆ ಬರೆಯುವುದು ಅವರ ಕಸುಬು. ಮೂರೂ ಖರೆ, ಒಂದರ ಹಾಗೆ ಒಂದು ಇರುವುದಿಲ್ಲ. "ಅಳತಿ ಬದಲ ಮಾಡಾಕ ಬರಂಗಿಲ್ಲ. ನೋಡೂ ಕಡಿ ಬದಲ ಮಾಡಬಹುದು. ಆಕಾಶ ಒಂದ ಐತಿ. ನಮ್ಮವರು ಮುಂದಿಂದ ನೋಡ್ಯಾರ, ಈ ಮಂದಿ ಬಾಜೂಕಿಂದ ನೋಡಿರಬೇಕು" ಎಂದು ಒಂದು ಸಂಜೆ ಘೋಷಿಸಿದರು. ಮೂಲಾ ನಕ್ಷತ್ರವನ್ನು ಹೀಬ್ರೂ ಕಡೆಯಿಂದ ನೋಡಿದರೆ ಮಾವನಿಗೆ ಏನೂ ಆಗದಿರಬಹುದು ಎಂಬುದು ಅವರ ಆಸೆ. ಹತ್ತು ನಿಮಿಷದ ಸುಳ್ಳನ್ನು ತಪ್ಪಿಸಲು ಆ ಮನುಷ್ಯ ಮೂರು ತಿಂಗಳು ಪರದೇಶದ ಅಕ್ಷರ ತಿದ್ದಿದರು. ಕಚೇರಿಯಿಂದ ಬಂದವರೇ ಬಲಗಡೆಯಿಂದ ಎಡಗಡೆಗೆ ಬರೆಯುತ್ತಾ ಕುಳಿತರೆ, ಮನೆಗೆ ಬಂದ ನೆಂಟರು ಅಪ್ಪ ಉರ್ದು ಕಲಿಯುತ್ತಿದ್ದಾರೆಂದು ತಿಳಿದು ಶಾಬಾಶ್ ಎನ್ನುತ್ತಿದ್ದರು.

ನಡುವೆ ಒಂದು ದೊಡ್ಡ ತೊಡಕು ಬಂತು. ನಕ್ಷತ್ರಗಳು ಇಪ್ಪತ್ತೇಳು, ಅಕ್ಷರಗಳು ಇಪ್ಪತ್ತೆರಡು. ಐದು ಕಡಿಮೆ. ಅಪ್ಪ ಊಟ ಬಿಟ್ಟರು ಎಂದರೆ ಸುಳ್ಳಾದೀತು, ಎರಡನೇ ಸಲದ ಸಾರು ಬಿಟ್ಟರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಾಯಿ ತುಂಬ ನೊರೆ ಇಟ್ಟುಕೊಂಡು ಪಡಸಾಲೆಗೆ ಓಡಿ ಬಂದು, "ಐದು ಸಿಕ್ಕವು!" ಎಂದು ಕೂಗಿದರು. ಅವ್ವ ಒಲೆ ಬಿಟ್ಟು ಎದ್ದು ಬಂದಳು. "ಗಂಡುಗಳೇನ್ರಿ?" "ಅಲ್ಲ, ಅಕ್ಷರ!" ಅವ್ವ ಒಳಗೆ ಹೋದಳು. ಸಂಗತಿ ಏನೆಂದರೆ, ಹೀಬ್ರೂವಿನ ಐದು ಅಕ್ಷರಗಳಿಗೆ ಪದದ ಕೊನೆಯಲ್ಲಿ ಬಂದಾಗ ಬೇರೆಯೇ ರೂಪ ಇದೆ. ಇಪ್ಪತ್ತೆರಡಕ್ಕೆ ಐದು ಕೂಡಿದರೆ ಇಪ್ಪತ್ತೇಳು. ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಪೇಸ್ಟಿನ ಖಾರಕ್ಕೆ ಬಂದದ್ದೆಂದು ಅವರು ಸಾಧಿಸಿದರು.

ಮೂಲಾ ಹತ್ತೊಂಬತ್ತನೇ ನಕ್ಷತ್ರ. ಹತ್ತೊಂಬತ್ತನೇ ಅಕ್ಷರ ಕೋಫ್, ಅಂದರೆ ತಲೆಯ ಹಿಂಭಾಗ. ಅದರ ಎಲೆ ಚಂದ್ರ. ಅಪ್ಪ ಆ ಎಲೆಯನ್ನು ಅವ್ವನ ಮುಂದೆ ಹಿಡಿದರು. "ನೋಡು. ಮ್ಯಾಲ ಚಂದ್ರ. ಕೆಳಗ ಎರಡು ನಾಯಿ ಬೊಗಳಾಕತ್ತಾವ. ಹೊಂಡದಾಗಿಂದ ಒಂದು ಏಡಿ ಬರಾಕತ್ತೈತಿ. ಈಗ ಹೇಳು, ಇದರಾಗ ಮಾವ ಎಲ್ಲದಾನ?" ಅವ್ವ ಎಲೆಯನ್ನು ತಿರುಗಿಸಿ ಹಿಂದೆಯೂ ನೋಡಿದಳು. ಮಾವ ಅಲ್ಲೂ ಇರಲಿಲ್ಲ.

ಕೋಠಿ ಪೇಟೆಯಿಂದ ಟ್ರೇಸಿಂಗ್ ಹಾಳೆ ಕೊಂಡು ತಂದು ಅಪ್ಪ ನಕ್ಷೆ ಹಾಕಿದರು. ಕಚೇರಿಯ ಹಾಳೆ ಮುಟ್ಟಲಿಲ್ಲ. ಇಪ್ಪತ್ತೇಳು ಮನೆಯ ಚಕ್ರ, ಒಂದೊಂದು ಮನೆಯಲ್ಲೂ ನಕ್ಷತ್ರ, ಹೀಬ್ರೂ ಅಕ್ಷರ, ಎಲೆಯ ಹೆಸರು. ಬಲಗಡೆ ಮೂಲೆಯಲ್ಲಿ ಚೌಕಟ್ಟು: ಬರೆದವರು ಎಂದಲ್ಲಿ ಅಪ್ಪನ ಸಹಿ, ಪರಿಶೀಲಿಸಿದವರು ಎಂದಲ್ಲಿ ಅವ್ವನ ಸಹಿ. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿಯನ್ನೂ ಬರೆದರು: "ಐದು ಅಂತ್ಯರೂಪಗಳನ್ನು ಕೊನೆಗೆ ಸೇರಿಸದೆ ಅವುಗಳ ಮೂಲ ಅಕ್ಷರದ ಪಕ್ಕದಲ್ಲೇ ಎಣಿಸಿದರೆ ಹತ್ತೊಂಬತ್ತನೇ ಮನೆಗೆ ಅಯಿನ್ ಬರುತ್ತದೆ. ಎಲೆ: ಸೈತಾನ."

"ಇದನ್ನ ಯಾರು ಕೇಳಿದ್ರು ನಿಮಗ?" ಎಂದು ಅವ್ವ ಹಣೆ ಬಡಿದುಕೊಂಡಳು. "ಲೆಕ್ಕದಾಗ ಹಂಗೂ ಬರ್ತೈತಿ. ಬರೀದಿದ್ದರ ತಪ್ಪಾಕ್ಕೈತಿ" ಎಂದರು ಅಪ್ಪ.

ಇಂಥ ಹೊತ್ತಿನಲ್ಲಿ ಮಲ್ಲಣ್ಣನವರ ಮನೆಯ ಸಂಬಂಧ ಬಂತು. ಮಲ್ಲಣ್ಣನವರು ರಾಯಚೂರಿನ ಕಡೆಯವರು, ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾಗಿ ಹೈದರಾಬಾದಿನಲ್ಲೇ ನೆಲೆಸಿದ್ದರು. ಮಗ ಪ್ರಭಾಕರ ಬ್ಯಾಂಕಿನಲ್ಲಿದ್ದ. ಅಪ್ಪ ಮೊದಲೇ ಕಾಗದ ಬರೆದಿದ್ದರು: ಹುಡುಗಿಯದು ಮೂಲಾ, ಆದರೆ ಇದಕ್ಕೊಂದು ವಿವರಣೆ ಇದೆ, ನಕ್ಷೆ ಸಮೇತ ತೋರಿಸುತ್ತೇನೆ ಎಂದು. ಮೂಲಾ ಎಂದರೆ ಓಡಿಹೋಗುವವರೇ ಎಲ್ಲ, ಆದರೆ ನಕ್ಷೆ ಎಂದರೆ ಹೇಗೆ ಬಿಟ್ಟಾರು ಇಂಜಿನಿಯರು? ಒಂದು ಭಾನುವಾರ ತಂದೆ ಮಗ ಇಬ್ಬರೇ ಆಟೋದಲ್ಲಿ ಬಂದಿಳಿದರು.

ನಾನು ಉಪ್ಪಿಟ್ಟು ಮಾಡುವುದಿಲ್ಲವೆಂದು ಹಟ ಹಿಡಿದಿದ್ದೆ, ಚುರುಮುರಿ ಸೂಸಲ ಮಾಡಿದ್ದೆವು. ಯಾರೂ ಮುಟ್ಟಲಿಲ್ಲ, ಏಕೆಂದರೆ ಟೇಬಲ್ಲಿನ ತುಂಬ ನಕ್ಷೆ ಹಾಸಿತ್ತು. ಮಲ್ಲಣ್ಣನವರು ಜೇಬಿನಿಂದ ತಮ್ಮದೇ ಪೆನ್ಸಿಲ್ ತೆಗೆದರು. "ಸ್ಕೇಲ್ ಹಾಕಿಲ್ಲಲ್ರಿ" ಎಂದರು. "ಆಕಾಶಕ್ಕ ಏನು ಸ್ಕೇಲ್ ಹಾಕ್ಲಿ?" ಎಂದರು ಅಪ್ಪ. "ನಾಟ್ ಟು ಸ್ಕೇಲ್ ಅಂತರ ಬರೀಬೇಕಾಗಿತ್ತು." ಅಪ್ಪ ತಲೆತಗ್ಗಿಸಿ ಬರೆದರು. ಒಂದೂವರೆ ತಾಸು ಹೀಗೇ ನಡೆಯಿತು. ಸಿಂಗಾರ ಮಾಡಿಕೊಂಡು ಕುಳಿತ ನನ್ನನ್ನು ಯಾರೂ ನೋಡಲಿಲ್ಲ. ಪ್ರಭಾಕರ ಎದುರು ಕುರ್ಚಿಯಲ್ಲಿ ಮಂಡಿ ಜೋಡಿಸಿಕೊಂಡು ಕುಳಿತಿದ್ದ, ಒಂದು ಮಾತೂ ಆಡಿರಲಿಲ್ಲ. ನೀರು ತರಲು ಒಳಗೆ ಬಂದ ಅಪ್ಪ ನನ್ನ ಕಿವಿಯಲ್ಲಿ, "ಹುಡುಗ ಪೂರಾ ಅಲೆಫ್ ಅದಾನ" ಎಂದರು. ಅಲೆಫ್‌ಗೆ ಸ್ವಂತ ಸದ್ದಿಲ್ಲ, ಅದು ಬಾಯಿ ತೆರೆಯುವ ಮೊದಲಿನ ಉಸಿರು ಮಾತ್ರ ಎಂದು ಅವರು ವಾರದ ಹಿಂದಷ್ಟೇ ಓದಿ ಹೇಳಿದ್ದರು.

ಕಡೆಗೆ ಮಲ್ಲಣ್ಣನವರು ಚಂದ್ರನನ್ನೂ ನಾಯಿಗಳನ್ನೂ ಏಡಿಯನ್ನೂ ಒಪ್ಪಿದರು. ಮಾವ ಇಲ್ಲ ಎಂಬುದನ್ನೂ ಒಪ್ಪಿದರು. ಆಗ ಅವರ ಪೆನ್ಸಿಲ್ ಹಾಳೆಯ ಕೆಳಗಿಳಿಯಿತು. "ಇಲ್ಲೇನೋ ಸಣ್ಣದಾಗಿ ಬರದೀರಲ್ರಿ."

ಅಪ್ಪ ತಾವೇ ಓದಿ ಹೇಳಿದರು, ಸೈತಾನನವರೆಗೂ.

"ಎರಡರಾಗ ಖರೆ ಯಾವುದ್ರಿ?"

"ನನಗ ಗೊತ್ತಿಲ್ಲರಿ" ಎಂದರು ನಮ್ಮಪ್ಪ. ಆ ಕ್ಷಣಕ್ಕೆ ನಾನು ಅವರನ್ನು ಮನಸ್ಸಿನಲ್ಲಿ ಎಷ್ಟು ಬೈದೆನೋ, ದೇವರಿಗೇ ಗೊತ್ತು. ಅಷ್ಟಕ್ಕೇ ನಿಲ್ಲದೆ, "ನೀವೇ ಒಂದು ಎಲಿ ಎಳೀರಿ. ಅದು ಯಾವ ಕಡಿ ಹೇಳ್ತೈತೋ ನೋಡೋಣು" ಎಂದು ಕಟ್ಟನ್ನು ಮುಂದಿಟ್ಟರು. ಮಲ್ಲಣ್ಣನವರು ಕಣ್ಣು ಮುಚ್ಚಿ, ಮನೆದೇವರ ಹೆಸರು ಹೇಳಿ ಒಂದೆಲೆ ಎಳೆದರು. ಬಿಳಿ ಕುದುರೆಯ ಮೇಲೆ ಕಬ್ಬಿಣದ ಅಂಗಿ ತೊಟ್ಟ ಎಲುಬಿನ ಹಂದರ. ಎಲೆಯ ಹೆಸರು ಮರಣ.

ಅಪ್ಪನೂ ಬೆವತರು. "ಇದರ ಅಕ್ಷರ ನೂನ್ ರೀ. ನೂನ್ ಅಂದ್ರ ಮೀನು. ಮೀನು ಅಂದ್ರ ಶುಭ, ಮತ್ಸ್ಯಾವತಾರ."

"ಎಲುಬಿನ ಮನಷಾ ಕುದರಿ ಮ್ಯಾಲ ಕುಂತಾನಲ್ರಿ! ಇದೆಂಥಾ ಮತ್ಸ್ಯಾವತಾರ?" ಎನ್ನುತ್ತ ಮಲ್ಲಣ್ಣನವರು ಎದ್ದೇಬಿಟ್ಟರು. ಬಾಗಿಲಿಗೆ ಹೋಗಿ ಚಪ್ಪಲಿಗಾಗಿ ಕಾಲಾಡಿಸತೊಡಗಿದರು. ಗಾಬರಿಗೆ ಎಡದ ಕಾಲಿಗೆ ಅಪ್ಪನ ಚಪ್ಪಲಿ ಸಿಕ್ಕಿಕೊಂಡಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನು ನನಗೆ ಯಾರೂ ಇಲ್ಲ, ಮಾತ್ರೆ ಕರಗಿಸುತ್ತಲೇ ಮುದುಕಿಯಾಗುತ್ತೇನೆ ಎಂದುಕೊಂಡೆ.

ಆಗ ಅಲೆಫ್ ಬಾಯಿ ತೆರೆಯಿತು.

"ಅಪ್ಪಾ, ಸುಮ್ಮ ಬಂದು ಕುಂದರ್ರಿ" ಎಂದ ಪ್ರಭಾಕರ. ಆಮೇಲೆ ನನ್ನಪ್ಪನ ಕಡೆ ತಿರುಗಿದ. "ನಿಮಗ ಕೊಟ್ಟದ್ದು ಖರೇ ಜಾತಕ ಅಲ್ಲರಿ. ನನಗ ಕುಜದೋಷ ಐತಿ. ಕಟ್ಟಿಕೊಂಡಾಕಿಗೆ ಆಯುಷ್ಯ ಇಲ್ಲಂತ ಹೇಳ್ಯಾರ. ಆರು ಮನಿಯವರು ಬ್ಯಾಡ ಅಂದಮ್ಯಾಲ ನಮ್ಮಪ್ಪಾರು ತಿದ್ದಿಸಿಬಿಟ್ಟಾರ. ನೀವು ಕೆಳಗ ಸಣ್ಣ ಅಕ್ಷರದಾಗ ಬರದದ್ದು ನೋಡಿ ನನಗ ನಾಚಿಕಿ ಆತು."

ಮಲ್ಲಣ್ಣನವರು ಒಂದು ಕಾಲಲ್ಲಿ ತಮ್ಮದು, ಒಂದು ಕಾಲಲ್ಲಿ ಅಪ್ಪನದು ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತರು. ಮಾತಾಡಿದ್ದು ಅವ್ವ. "ಅಂದ್ರ ನನ್ನ ಮಗಳು ನಿಮ್ಮನ್ನ ತಿಂತಾಳ, ನಿಮ್ಮ ಮಗ ನನ್ನ ಮಗಳನ್ನ ತಿಂತಾನ. ಮೊದಲ ಪಂಕ್ತಿ ಯಾರದು ಹೇಳಿಬಿಡ್ರಿ ಅಣ್ಣಾವರ, ಎಲಿ ಹಾಕ್ತೀನಿ."

ಮೊದಲು ನಕ್ಕವಳು ನಾನು. ಹೆಣ್ಣು ನೋಡುವ ಹೊತ್ತಿನಲ್ಲಿ ಹಾಗೆ ನಗಬಾರದು, ಆದರೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಪ್ರಭಾಕರ ನಕ್ಕ. ಮಲ್ಲಣ್ಣನವರು ಒಳಗೆ ಬಂದು ಕುಳಿತು, ಮೆತ್ತಗಾಗಿದ್ದ ಸೂಸಲವನ್ನು ಮುಷ್ಟಿಗಟ್ಟಲೆ ತಿನ್ನತೊಡಗಿದರು. ಅಪ್ಪ ಮಾತ್ರ ನಗದೆ ಪ್ರಭಾಕರನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಹುಟ್ಟಿದ ಖರೇ ಹೊತ್ತು ಎಷ್ಟಪ್ಪಾ ಎಂದು ಕೇಳಿ ಬರೆದುಕೊಂಡರು. ನಂತರ ಜೀವನದಲ್ಲಿ ಮೊದಲ ಸಲ ನನ್ನನ್ನು, "ನೀ ಏನಂತೀವ್ವಾ?" ಎಂದು ಕೇಳಿದರು. "ನನಗ ಒಪ್ಪಿಗಿ ಐತಿ" ಎಂದೆ.

ಹೀಗೆ ಮಾವನನ್ನು ತಿನ್ನಬೇಕಾದವಳೂ ಹೆಂಡತಿಯನ್ನು ತಿನ್ನಬೇಕಾದವನೂ ಸಂಸಾರ ಹೂಡಿದೆವು. ನಾನು ಕುಳಿತು ಇದನ್ನು ಬರೆಯುತ್ತಿದ್ದೇನೆ ಎಂದಮೇಲೆ ಕುಜನ ಮಾತು ಬಿಡಿ. ಮಾವನವರಂತೂ ತಮ್ಮ ಕುತ್ತನ್ನು ಮನೆಯ ಮೋಜು ಮಾಡಿಕೊಂಡರು. ಎರಡು ಸಲ ಸೀನಿದರೆ, "ಸುಮಿತ್ರಾ, ಟೈಮ್ ಆತೇನು ನೋಡವ್ವಾ" ಎಂದು ಕೂಗುವರು. ಇನ್ನೊಂದು ರೊಟ್ಟಿ ಬಡಿಸಿದರೆ, "ಕೊಲ್ಲಾಕ ಇದೊಂದ ದಾರಿ ಉಳದಿತ್ತೇನು?" ಎನ್ನುವರು. ನಾನೂ ಬಿಡುತ್ತಿರಲಿಲ್ಲ. "ಅವಸರ ಮಾಡಬ್ಯಾಡ್ರಿ ಮಾವಾರ, ನಿಮ್ಮ ಪಾಳಿ ಬಂದಾಗ ಹೇಳ್ತೀನಿ" ಎನ್ನುತ್ತಿದ್ದೆ. ಭಾನುವಾರ ಅಪ್ಪ ಬಂದರೆ ಇಬ್ಬರೂ ಸೇರಿ ನಕ್ಷೆಯಲ್ಲಿ ಹೊಸ ತಪ್ಪು ಹುಡುಕುತ್ತ ಕೂರುವರು.

ಆರು ವರ್ಷ ಹೀಗೆ ಕಳೆಯಿತು. ಏಳನೆಯ ವರ್ಷ ಒಂದು ಮಧ್ಯಾಹ್ನ, ಉಂಡು ಕೈತೊಳೆಯಲು ಎದ್ದ ಅಪ್ಪ ಬಚ್ಚಲ ಬಾಗಿಲಿನಲ್ಲೇ ಕುಸಿದು ಕುಳಿತರಂತೆ. ನಾನು ಪಟಾನ್‌ಚೆರುವಿನಿಂದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವ್ವನನ್ನು ಹಿಡಿದುಕೊಳ್ಳುವುದು, ಬಂದವರಿಗೆ ಚಹಾ ಕೊಡುವುದು, ಊರಿಗೆ ತಂತಿ ಕಳಿಸುವುದು ಎಂದು ಓಡಾಡುತ್ತಲೇ ಇದ್ದೆ. ಅಳು ಬರಲೇ ಇಲ್ಲ.

ಎಲ್ಲ ಕಾರ್ಯ ಮುಗಿದು ನೆಂಟರು ಊರಿಗೆ ಹೋದ ದಿನ, ಮಾವನವರು ಪಡಸಾಲೆಯ ಮೂಲೆಯಲ್ಲಿ ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನನ್ನ ಮುಖ ನೋಡಲಾರದೆ ನೆಲ ನೋಡುತ್ತಿದ್ದರು. ನಾನು ಹತ್ತಿರ ಹೋದೆ.

"ಪಾಳಿ ನಂದಿತ್ತಲ್ಲವ್ವಾ" ಎಂದರು. "ಜನ್ಮದಾಗ ಒಮ್ಮೆರ ಪಾಳಿ ಮುರದ ಮನಷಾ ಅಲ್ಲ ನಿಮ್ಮಪ್ಪ. ನನ್ನ ಮುಂದ ಹೆಂಗ ಬಂದ್ರು ಹೇಳು?"

ನಾನು ಅವರ ಪಕ್ಕದಲ್ಲಿ ಗೋಡೆಗೊರಗಿ ಕುಳಿತು, ಆ ದಿನ ಮೊದಲ ಸಲ ಬಾಯಿಬಿಟ್ಟು ಅತ್ತೆ.